ಬದುಕಿರುವವನ ಹೆಸರು

"ಬೀಗಿತ್ತಿ, ನನ್ನ ಹೆಸರು ನನ್ನ ಹತ್ರಾನೇ ಇರ್ಲಿ ಬಿಡಿ. ಮಗೂಗೆ ನತಾನ್ ಅಂತಾನೇ ಇಡೋಣ."

ಎಜ್ರಾ ಇದನ್ನು ಹೇಳಿದ್ದು ಪಿಸ್ತಾ ಸಿಹಿಯ ಪೊಟ್ಟಣದ ದಾರ ಬಿಚ್ಚುತ್ತ. ಪೆರ್ಲಾ ಹೆಣಿಗೆ ಯಂತ್ರದ ಮುಂದೆ ಕೂತು ಒಂದು ನೀಲಿ ಸ್ವೆಟರಿನ ತೋಳು ಮುಗಿಸುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ಸಾಲಿನ ಕೊನೆಯವರೆಗೂ ಎಳೆದಳು, ಮತ್ತೊಂದು ಸಾಲು ಎಳೆದಳು, ಆಮೇಲೆ ಹಾಕಿದ್ದೆಲ್ಲ ತಪ್ಪಿದೆ ಎಂದು ಕಂಡು ಬಿಚ್ಚತೊಡಗಿದಳು. ಎಜ್ರಾ ಸಿಹಿಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಅವಳು ಸಂತೋಷದಿಂದ ಏನಾದರೂ ಹೇಳಿಯಾಳು ಎಂದು ಕಾದ.

ಕಾಯುವುದಕ್ಕೆ ಅವನಿಗೆ ಹಕ್ಕಿತ್ತು. ಅಲೆಪ್ಪೊ ಕಡೆಯಿಂದ ಬ್ಯೂನಸ್ ಐರಿಸಿಗೆ ಬಂದು ನೆಲೆಸಿದ ಯಹೂದಿಗಳಲ್ಲಿ ಮಗನ ಮೊದಲ ಗಂಡು ಮಗುವಿಗೆ ಅಜ್ಜನ ಹೆಸರು. ಅಜ್ಜ ಗಟ್ಟಿಮುಟ್ಟಾಗಿ ಎದುರಿಗೇ ಕೂತಿದ್ದರೆ ಇನ್ನೂ ಒಳ್ಳೆಯದು. ಎಜ್ರಾನಿಗೆ ಸಾಲಾಗಿ ಹೆಣ್ಣುಮಕ್ಕಳು, ಕೊನೆಗೊಬ್ಬ ಮಗ ರುಬೆನ್. ಹೆಣ್ಣುಮಕ್ಕಳು ಹೆತ್ತ ಗಂಡುಗಳೆಲ್ಲ ಬೇರೆ ಬೇರೆ ಅಜ್ಜಂದಿರ ಹೆಸರು ಹೊತ್ತು ಎಜ್ರಾನ ಮನೆಯಲ್ಲೇ ಗದ್ದಲ ಮಾಡುತ್ತಿದ್ದವು. ಈಗ ರುಬೆನ್‌ನ ಹೆಂಡತಿ, ಪೆರ್ಲಾಳ ಮಗಳು ಮಿರ್ತಾಗೆ ಗಂಡು ಹುಟ್ಟಿತ್ತು. ಎಂಟನೇ ದಿನ ಸುನ್ನತಿ, ಅಂದೇ ನಾಮಕರಣ. ಅಷ್ಟು ಕಾಲ ಕಾದು ಕೈಗೆ ಬಂದ ತುತ್ತನ್ನು ಈ ಮನುಷ್ಯ ತಾನಾಗಿಯೇ ಬೀಗಿತ್ತಿಯ ತಟ್ಟೆಗೆ ಹಾಕುತ್ತಿದ್ದ.

ಆದರೆ ಪೆರ್ಲಾ ಪೋಲೆಂಡಿನ ಯಹೂದಿಗಳ ಮನೆಯವಳು. ಅವರಲ್ಲಿ ಮಗುವಿಗೆ ಇಡುವುದು ಸತ್ತವರ ಹೆಸರು ಮಾತ್ರ. ಬದುಕಿರುವವನ ಹೆಸರನ್ನು ಮಗುವಿಗೆ ಇಟ್ಟರೆ ಅವನಿಗೆ ಹೆಣದ ಬಟ್ಟೆ ಹೊಲಿಸಿದಂತೆ. ಮತ್ತು ನತಾನ್ ಅವಳ ಮಗ, ಮಿರ್ತಾಳ ಅಣ್ಣ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ದಂತವೈದ್ಯ ಕಾಲೇಜಿನಿಂದ ಬಂದು ಇನ್ನೂ ಕೋಟು ಬಿಚ್ಚಿರಲಿಲ್ಲ, ಹಸಿರು ಕಾರಿನಲ್ಲಿ ಬಂದ ನಾಲ್ಕು ಜನ ಗಂಡಸರು ಅವನನ್ನು ಎಳೆದುಕೊಂಡು ಹೋದರು. ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಪೆರ್ಲಾ ಪೊಲೀಸ್ ಠಾಣೆ, ಸೈನ್ಯದ ಕಚೇರಿ, ಆಸ್ಪತ್ರೆ, ಹೆಣದ ಕೋಣೆ ಎಲ್ಲ ಸುತ್ತಿದಳು. ದೇಶ ಆಳುತ್ತಿದ್ದ ಸೇನಾಧಿಕಾರಿಗಳ ಯಾವ ಬಾಗಿಲಲ್ಲೂ ಅಂಥ ಹೆಸರಿನವನು ಇರಲಿಲ್ಲ. ಬದುಕಿದ್ದಾನೆ ಎಂದವರಿಲ್ಲ, ಸತ್ತ ಎಂದವರೂ ಇಲ್ಲ.

"ಬೀಗರೇ," ಎಂದಳು ಪೆರ್ಲಾ ನೂಲು ಸುತ್ತುತ್ತ, "ನನ್ನ ಮಗ ಸತ್ತಿಲ್ಲ."

"ಅಯ್ಯೋ, ಸತ್ತಿದ್ರೆ ನಾನ್ಯಾಕ್ರೀ ಇಡ್ತಿದ್ದೆ?" ಎಜ್ರಾ ನಿಜಕ್ಕೂ ಗಾಬರಿಯಾದ. "ಸತ್ತವರಿಗಾಗಿ ನನ್ನ ಹೆಸರು ಬಿಟ್ಟುಕೊಡೋಷ್ಟು ದೊಡ್ಡ ಮನುಷ್ಯ ಅಲ್ಲ ನಾನು."

ಪೆರ್ಲಾ ನೂಲಿನ ಉಂಡೆಯನ್ನು ಬುಟ್ಟಿಗೆ ಹಾಕಿದಳು. ಎಜ್ರಾ ಟೋಪಿ ಹುಡುಕಿದ, ಸಿಹಿಯ ಪೊಟ್ಟಣವನ್ನು ಅವಳ ಕಡೆ ಸ್ವಲ್ಪ ತಳ್ಳಿದ, ಎದ್ದು ಹೋದ.

ಮಿರ್ತಾ ಬಾಣಂತನಕ್ಕೆ ತಾಯಿಯ ಮನೆಯಲ್ಲೇ ಇದ್ದಳು. ಒಳಕೋಣೆಯಲ್ಲಿ ಅಣ್ಣನ ಹಳೆಯ ಮಂಚದ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಇದೆಲ್ಲ ನಿಂದೇ ಕಿತಾಪತಿ ತಾನೆ?" ಎಂದಳು ಪೆರ್ಲಾ ಬಾಗಿಲಲ್ಲೇ ನಿಂತು.

"ಮಾವ ತಾವಾಗೇ ಹೇಳಿದ್ರು. ನಾನು ಬೇಡ ಅನ್ನಲಿಲ್ಲ, ಅಷ್ಟೆ."

"ಈಗ ಅನ್ನು."

"ಅನ್ನಲ್ಲ." ಮಿರ್ತಾ ಮಗುವನ್ನು ಇನ್ನೊಂದು ಬದಿಗೆ ತಿರುಗಿಸಿಕೊಂಡಳು. "ಅಮ್ಮ, ಈ ಮನೇಲಿ ಅವನ ಹೆಸರನ್ನ ಕದ್ದ ಮಾಲಿನ ಥರ ಇಟ್ಕೊಂಡಿದೀವಿ. ಫೋನಲ್ಲಿ ಹೇಳೋ ಹಾಗಿಲ್ಲ, ಮೆಟ್ಟಿಲ ಮೇಲೆ ಹೇಳೋ ಹಾಗಿಲ್ಲ, ಬಸ್ಸಲ್ಲಂತೂ ಬಾಯೇ ಬಿಡೋ ಹಾಗಿಲ್ಲ. ನನಗೆ ಆ ಹೆಸರು ಗಟ್ಟಿಯಾಗಿ ಕೂಗ್ಬೇಕಮ್ಮ. ಕಿಟಕಿ ತೆಗೆದು ಕೂಗ್ಬೇಕು. ಊಟಕ್ಕೆ ಬಾರೋ, ಕೈ ತೊಳ್ಕೊಳೋ, ಎಷ್ಟು ಸಲ ಹೇಳ್ಬೇಕೋ ನಿಂಗೆ ಅಂತ ಬೈದು ಕೂಗ್ಬೇಕು."

"ಅವನು ಬಂದಾಗ ಕೂಗುವಿಯಂತೆ."

ಮಿರ್ತಾ ತಲೆ ಎತ್ತಲಿಲ್ಲ. ಮಗುವಿನ ಬಾಯಿ ಒರೆಸುತ್ತ, "ನೀನು ಬೇಡ ಅಂದ್ರೆ ಇಡಲ್ಲ," ಎಂದಳು. "ಆದ್ರೆ ನೀನೇ ಹೋಗಿ ಮಾವನಿಗೆ ಹೇಳು. ನನ್ನ ಬಾಯಿಂದ ಬರಲ್ಲ."

ಆ ದಿನವೆಲ್ಲ ಪೆರ್ಲಾ ಹೆಣೆದದ್ದನ್ನು ಬಿಚ್ಚಿದಳು, ಬಿಚ್ಚಿದ್ದನ್ನು ಹೆಣೆದಳು. ಅವಳಿಗೆ ನೆನಪಾಗುತ್ತಿದ್ದದ್ದು ತನ್ನ ತಾಯಿ ಮಾಲ್ಕೆ.

ಮಾಲ್ಕೆ ಪುಟ್ಟ ಪೆರ್ಲಾಳ ಕೈ ಹಿಡಿದು ಪೋಲೆಂಡಿನಿಂದ ಹಡಗು ಹತ್ತಿ ಬಂದವಳು. ಗಂಡ ಮನೆ ಮಾರಿ ಹಿಂದೆಯೇ ಬರುವುದೆಂದು ಮಾತಾಗಿತ್ತು. ಮನೆ ಮಾರಾಟವಾಗುವ ಮೊದಲು ಯುದ್ಧ ಬಂತು. ಯುದ್ಧ ಮುಗಿದ ಮೇಲೆ ಈ ಬೀದಿಯ ಒಂದೊಂದೇ ಮನೆಗೆ ಸುದ್ದಿ ಬಂತು. ಇಂಥವರನ್ನು ಇಂಥ ಕಾಡಿನಲ್ಲಿ, ಇಂಥವರನ್ನು ಇಂಥ ರೈಲಿನಲ್ಲಿ. ಒಂದು ಮನೆಯ ಅಳು ನಿಲ್ಲುವುದರೊಳಗೆ ಪಕ್ಕದ ಮನೆಯಲ್ಲಿ ಶುರುವಾಗುತ್ತಿತ್ತು. ಮಾಲ್ಕೆಗೆ ಮಾತ್ರ ಸುದ್ದಿ ಬರಲೇ ಇಲ್ಲ. ಬರದ ಸುದ್ದಿಯನ್ನು ಅವಳು ಒಳ್ಳೆಯ ಸುದ್ದಿ ಎಂದೇ ಹಿಡಿದುಕೊಂಡಳು. ಬೀದಿಯವರೆಲ್ಲ ವರ್ಷಕ್ಕೊಮ್ಮೆ ಸತ್ತವರಿಗೆ ದೀಪ ಹಚ್ಚುವಾಗ ಇವಳು ಹಚ್ಚಲಿಲ್ಲ. ಯಾರಾದರೂ ಕನಿಕರದಿಂದ ನೋಡಿದರೆ, "ನನ್ನ ಗಂಡ ಸೋಮಾರಿ ಕಣ್ರೀ, ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನೇ ಅಲ್ಲ," ಎನ್ನುತ್ತಿದ್ದಳು.

ಪೆರ್ಲಾಗೆ ಮದುವೆಯಾಗಿ ಗಂಡು ಹುಟ್ಟಿದಾಗ ಅವಳಿಗೆ ಅಪ್ಪನ ಹೆಸರಿಡುವ ಆಸೆಯಾಯಿತು. ಅಪ್ಪನ ಹೆಸರು ನತಾನ್. ತಾಯಿಯನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆ, ಇಟ್ಟ ಮೇಲೆ ಖುಷಿಪಡುತ್ತಾಳೆ ಎಂದುಕೊಂಡಳು. ಇಪ್ಪತ್ತು ದಾಟಿದ ಹುಡುಗಿಗೆ ಇನ್ನೆಷ್ಟು ಬುದ್ಧಿ ಇದ್ದೀತು! ಜನ ತುಂಬಿದ ಮನೆಯಲ್ಲಿ ಪುರೋಹಿತ ರಬ್ಬಿ ಹೆಸರು ಹೇಳಿದ. ಮಾಲ್ಕೆ ಕೈಯಲ್ಲಿದ್ದ ಲೋಟ ಮೇಜಿನ ಮೇಲಿಟ್ಟು, ಚಪ್ಪಲಿ ಬಿಚ್ಚಿ ಗೋಡೆಗೆ ಒತ್ತಿ ಇಟ್ಟು, ಎಲ್ಲರ ನಡುವೆ ನೆಲದ ಮೇಲೆ ಕೂತಳು. ಸತ್ತವರ ಮನೆಯವರು ಹಾಗೆ ಕೂರುತ್ತಾರೆ. "ಹಿಟ್ಲರನ ಕೈಲಾಗದ್ದನ್ನ ನೀನು ಮಾಡಿದೆ ಮಗಳೇ," ಎಂದಳು. "ನನ್ನ ಗಂಡನಿಗೆ ಮಣ್ಣು ಹಾಕಿದೆ." ಆ ಮೊಮ್ಮಗನನ್ನು ಎತ್ತಿ ಆಡಿಸಿದಳು, ಉಣಿಸಿದಳು, ಮುದ್ದು ಮಾಡಿದಳು. ಆದರೆ ಸಾಯುವವರೆಗೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಮರೀ ಎನ್ನುತ್ತಿದ್ದಳು, ಅಷ್ಟೆ.

ಅವತ್ತು ತಾಯಿಯ ಮೇಲೆ ಪೆರ್ಲಾಗೆ ಸಿಟ್ಟು ಬಂದಿತ್ತು. ಹಬ್ಬದ ಮನೆಯನ್ನು ಸೂತಕ ಮಾಡಿದಳು ಎಂದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಈಗ ಹೆಣಿಗೆಯ ನೂಲು ಕೈಯಲ್ಲಿ ಹಿಡಿದು, ತಾಯಿಗೆ ಅವತ್ತು ಎಷ್ಟು ನೋವಾಯಿತೆಂದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ಏನು ಬಂತು? ಮಾಲ್ಕೆ ಹೋಗಿ ಹತ್ತು ವರ್ಷವಾಗಿತ್ತು.

ಸಂಜೆ ಹೆನ್ಯಾ ಬಂದಳು. ಹೆನ್ಯಾ ಪೆರ್ಲಾಳ ತೀರಿಕೊಂಡ ಗಂಡನ ಅಕ್ಕ. ಮದುವೆಯಾಗದ ಹೆಂಗಸು, ಮೊಣಕಾಲು ನೋವು, ಬಾಯಿ ಜೋರು. ಹೆಸರಿನ ವಿಷಯ ಕೇಳಿದ್ದೇ ಗಾಳಿಗೆ ಮೂರು ಸಲ ಥೂ ಥೂ ಎಂದು ಉಗಿದಳು.

"ಯಮದೂತ ಹೆಸರು ಹಿಡ್ಕೊಂಡು ಬರ್ತಾನೆ ಕಣೇ. ಒಂದೇ ಮನೇಲಿ ಒಂದೇ ಹೆಸರಿನ ಇಬ್ಬರಿದ್ರೆ ಅವನಿಗೇನು ಗೊತ್ತಾಗತ್ತೆ? ಕೈಗೆ ಸಿಕ್ಕಿದವನನ್ನ ಎತ್ಕೊಂಡು ಹೋಗ್ತಾನೆ. ಆ ಅಲೆಪ್ಪೊದವರಿಗೆ ಇದೆಲ್ಲ ಎಲ್ಲಿ ತಿಳಿಯತ್ತೆ, ಅನ್ನಕ್ಕೆ ಹುಣಸೆಹುಳಿ ಹಾಕ್ಕೊಂಡು ತಿನ್ನೋ ಜನ."

"ಅವರು ನಮ್ಮನ್ನ, ಮೀನಿಗೆ ಸಕ್ಕರೆ ಹಾಕ್ತಾರೆ ಅಂತ ಆಡ್ಕೋತಾರೆ ಅತ್ತಿಗೆ."

"ಆಡ್ಕೊಳ್ಲಿ. ಸಕ್ಕರೆ ತಿಂದು ಯಾರೂ ಸತ್ತಿಲ್ಲ." ಹೆನ್ಯಾ ಕುರ್ಚಿಯಲ್ಲಿ ಕೂತು ಮೊಣಕಾಲು ಒತ್ತಿಕೊಂಡಳು. ಆಮೇಲೆ ಬೇರೆಯೇ ದನಿಯಲ್ಲಿ, "ನಿನಗೆ ಏನು ಅನ್ಸತ್ತೆ ಪೆರ್ಲಾ? ನಿಜ ಹೇಳು. ನತಾನ್—"

"ಕಾಫಿ ಮಾಡ್ತೀನಿ," ಎಂದು ಪೆರ್ಲಾ ಎದ್ದಳು.

ಆ ಪ್ರಶ್ನೆಯನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ, ಅವಳೂ ಕೇಳಗೊಡುತ್ತಿರಲಿಲ್ಲ. ಗಂಡ ತೀರಿಕೊಂಡಾಗ ಹೀಗಿರಲಿಲ್ಲ. ಆಗ ಏಳು ದಿನ ಬಾಗಿಲು ತೆರೆದೇ ಇತ್ತು. ಜನ ಬಂದರು, ಅಡುಗೆ ತಂದರು, ಅವಳ ಪಕ್ಕ ಕೂತು ಅತ್ತರು, ಸತ್ತವನ ಜಿಪುಣತನ ನೆನೆದು ನಕ್ಕರು ಕೂಡ. ಎಂಟನೇ ದಿನ ಎದ್ದು ಬೀದಿಗೆ ಹೋಗಿ ಬಾ ಎಂದರು, ಹೋಗಿ ಬಂದಳು. ದುಃಖಕ್ಕೆ ಒಳಗೆ ಹೋಗಲು ಒಂದು ಬಾಗಿಲು, ಹೊರಗೆ ಬರಲು ಒಂದು ಬಾಗಿಲು ಇತ್ತು. ನತಾನ್‌ನನ್ನು ಎಳೆದೊಯ್ದ ಮೇಲೆ ಯಾರೂ ಬರಲಿಲ್ಲ. ಪ್ರಾರ್ಥನಾಮಂದಿರದ ಹೆಂಗಸರ ಸಾಲಿನಲ್ಲಿ ಅವಳು ಕೂತರೆ ಪಕ್ಕದವರು ಒಂದಿಷ್ಟು ಸರಿದು ಕೂರುತ್ತಿದ್ದರು. ಏನೂ ಮಾಡದೆ ಸುಮ್ಮಸುಮ್ಮನೆ ಹಿಡ್ಕೊಂಡ್ ಹೋಗ್ತಾರಾ, ಎಂದು ಬ್ರೆಡ್ಡಿನಂಗಡಿಯವಳು ಅಂದದ್ದು ಕಿವಿಗೆ ಬಿದ್ದಿತ್ತು. ಮುಂದಿನ ಚಳಿಗಾಲಕ್ಕೆ ಔಷಧಿ ಅಂಗಡಿಯವನ ಮಗಳನ್ನು ಒಯ್ದರು. ಆಮೇಲೆ ಬ್ರೆಡ್ಡಿನಂಗಡಿಯವಳ ತಮ್ಮನ ಮಗನನ್ನೂ ಒಯ್ದರು. ಅವಳೂ ಬಾಯಿ ಮುಚ್ಚಿಕೊಂಡಳು. ಇಡೀ ಬೀದಿ ಮತ್ತೆ ಅಪ್ಪಂದಿರ ಕಾಲದ ಹಾಗೆ ಸುದ್ದಿ ಕಾಯುತ್ತಿತ್ತು. ಈ ಸಲ ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮಾರನೆಯ ದಿನ ಪೆರ್ಲಾ ಬೀಗರ ಅಂಗಡಿಗೆ ಹೋದಳು. ಓನ್ಸೆ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಪರದೆ ಬಟ್ಟೆಯ ಥಾನುಗಳ ನಡುವೆ ಎಜ್ರಾ ಗಿರಾಕಿಯೊಬ್ಬಳ ಹತ್ತಿರ, ಈ ಬಣ್ಣ ಹೋದರೆ ನನ್ನ ಮೀಸೆ ಬೋಳಿಸು ತಾಯಿ ಎಂದು ಆಣೆ ಇಡುತ್ತಿದ್ದ. ಅವನಿಗೆ ಮೀಸೆ ಇರಲಿಲ್ಲ. ಬೀಗಿತ್ತಿಯನ್ನು ಕಂಡವನೇ ಗಿರಾಕಿಯನ್ನು ಕೆಲಸದವನ ಪಾಲಿಗೆ ಬಿಟ್ಟು ಬಂದ.

"ಬೇಡ ಅಂತ ಹೇಳೋಕೆ ಬಂದಿದೀರಿ," ಎಂದ.

"ಹೌದು."

"ಹೇಳಿ. ಆದ್ರೆ ಮೊದ್ಲು ಕೂತ್ಕೊಳ್ಳಿ. ನಿಂತ್ಕೊಂಡು ಬೇಡ ಅಂದ್ರೆ ಜಗಳ ಆಗತ್ತೆ." ಥಾನುಗಳ ಮೇಲೆಯೇ ಅವಳನ್ನು ಕೂರಿಸಿದ. "ನಮ್ಮಜ್ಜನ ಹೆಸರೂ ಎಜ್ರಾ. ಅಲೆಪ್ಪೊದಲ್ಲಿ ಅವನ ಹೆಸರಿನ ಮೊಮ್ಮಕ್ಕಳೇ ಏಳು ಜನ. ಮದುವೆ ಮನೇಲಿ ಯಾರಾದ್ರೂ ಎಜ್ರಾ ಅಂದ್ರೆ ಏಳೂ ಜನ ಎದ್ದು ನಿಲ್ತಿದ್ವಿ, ಅಜ್ಜನೂ ಎದ್ದು ನಿಲ್ತಿದ್ದ. ಒಂದು ಸಲ ಕಾಯಿಲೆ ಬಂದು ಇನ್ನೇನು ಹೋಗೇಬಿಟ್ಟ ಅಂತ ಆಯ್ತು. ನಮ್ಮಜ್ಜಿ ಏಳೂ ಜನರನ್ನ ಮಂಚದ ಸುತ್ತ ನಿಲ್ಲಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದ್ಲು. ಮುದುಕ ಕಣ್ಣು ಬಿಟ್ಟು, ಯಾಕೆ ಹೀಗೆ ಬಡ್ಕೋತೀಯ ಅಂದ. ಆಮೇಲೂ ತುಂಬಾ ವರ್ಷ ಇದ್ದ, ನಮ್ಮನ್ನೆಲ್ಲ ಗೋಳು ಹುಯ್ಕೊಂಡ."

ಪೆರ್ಲಾ ನಗಲಿಲ್ಲ. ಎಜ್ರಾನೂ ನಗುತ್ತಿರಲಿಲ್ಲ.

"ಹೆಸರು ಅಂದ್ರೆ ಹಗ್ಗ ಬೀಗಿತ್ತಿ. ಬಾವೀಲಿ ಬಿದ್ದವನಿಗೆ ಮೇಲಿಂದ ಇಳಿಸ್ತೀವಲ್ಲ, ಹಾಗೆ. ನಾನು ವ್ಯಾಪಾರದವನು, ಠಾಣೆಗೆ ಹೋಗಿ ಕೂಗಾಡೋ ಧೈರ್ಯ ನನಗಿಲ್ಲ. ನೀವು ಗುರುವಾರ ಗುರುವಾರ ಬಿಳಿ ಬಟ್ಟೆ ತಲೆಗೆ ಕಟ್ಕೊಂಡು ಚೌಕದಲ್ಲಿ, ನಮ್ಮ ಮಕ್ಕಳೆಲ್ಲಿ ಅಂತ ಕೇಳೋ ಆ ತಾಯಂದಿರ ಜೊತೆ ಸುತ್ತೋದು ನನಗೆ ಗೊತ್ತು. ಒಂದ್ಸಲ ಬಸ್ಸಿನಿಂದ ನೋಡಿದೆ. ಇಳೀಲಿಲ್ಲ ನಾನು. ನನ್ನ ಹತ್ರ ಇರೋದು ಇದೊಂದೇ. ನನ್ನ ಹೆಸರಿನ ಸರದಿ."

ಹೊರಗೆ ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗುತ್ತಿದ್ದ. ಪೆರ್ಲಾ ಥಾನಿನ ಅಂಚನ್ನು ಬೆರಳಿನಿಂದ ಉಜ್ಜಿದಳು. ಬೇಡ ಎನ್ನಲು ಬಂದಿದ್ದಳು, ಬೇಡ ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಬದಲಿಗೆ, "ಎಲ್ಲರ ಎದುರಿಗೂ ಹೇಳ್ತೀರಾ?" ಎಂದು ಕೇಳಿದಳು.

"ಏನಂತ?"

"ಬದುಕಿರೋ ಸೋದರಮಾವನ ಹೆಸರು ಇದು ಅಂತ. ನಿಮ್ಮ ಪದ್ಧತಿ ಪ್ರಕಾರ ಇಡ್ತಿರೋದು, ನಮ್ಮ ಪದ್ಧತಿ ಪ್ರಕಾರ ಅಲ್ಲ ಅಂತ. ಗಟ್ಟಿಯಾಗಿ ಹೇಳ್ಬೇಕು. ನಮ್ಮ ಕಡೆಯವರಿಗೆಲ್ಲ ಕೇಳಿಸ್ಬೇಕು."

ಎಜ್ರಾ ಎಡಗೈಯಿಂದ ಕಣ್ಣು ಮುಚ್ಚಿಕೊಂಡು ಬಲಗೈ ಮೇಲೆತ್ತಿದ. ಅಂಗಡಿಯಲ್ಲಿ ಬಣ್ಣದ ಆಣೆ ಇಡುವಾಗ ಅವನು ಹಾಗೆ ಮಾಡುತ್ತಿರಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಪೆರ್ಲಾಳ ಮನೆ ತುಂಬಿತು. ಹೆಣಿಗೆ ಯಂತ್ರವನ್ನು ಮೂಲೆಗೆ ಸರಿಸಿ ಮೇಲೊಂದು ಬಿಳಿ ಬಟ್ಟೆ ಹೊದಿಸಿ ತಿಂಡಿಯ ಮೇಜು ಮಾಡಿದ್ದರು. ಎಜ್ರಾನ ಹೆಂಡತಿ ಸಾರಿನಾ ಹಿಂದಿನ ದಿನದಿಂದ ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಬೇಯಿಸಿದ ಕಂದು ಮೊಟ್ಟೆಗಳ ದೊಡ್ಡ ಪರಾತ ತಂದಿಟ್ಟಳು. ಅವರಲ್ಲಿ ಮಂಗಳಕಾರ್ಯಕ್ಕೆ ಅದಿಲ್ಲದೆ ಆಗದು. ಒಂದು ಬದಿಗೆ ಅಲೆಪ್ಪೊದವರು, ಬಾಯಿ ತುಂಬ ಮಾತು, ಮೈ ತುಂಬ ಅತ್ತರಿನ ಪರಿಮಳ. ಇನ್ನೊಂದು ಬದಿಗೆ ಪೋಲೆಂಡಿನವರು, ಕೋಟು ಬಿಚ್ಚದೆ ಗೋಡೆಗೆ ಒರಗಿ ನಿಂತಿದ್ದರು. ಎರಡು ವರ್ಷದಿಂದ ಈ ಮನೆಯ ಮೆಟ್ಟಿಲು ಹತ್ತದವರೂ ಬಂದಿದ್ದರು. ಮಗುವಿನ ನೆಪದಲ್ಲಿ ಬರಬಹುದಿತ್ತು. ಬ್ರೆಡ್ಡಿನಂಗಡಿಯವಳು ಬಂದು ಪೆರ್ಲಾಳ ಕಣ್ಣು ತಪ್ಪಿಸಿ ಒಂದು ಕೇಕು ಇಟ್ಟು ಹೋಗಿ ಮೂಲೆಯಲ್ಲಿ ನಿಂತಳು.

ಮಿರ್ತಾಳ ಕೈಯಿಂದ ಮಗುವನ್ನು ತೆಗೆದುಕೊಂಡು ಗಂಡಸರ ಬಳಿಗೆ ಒಯ್ಯುವ ಕೆಲಸ ಪೆರ್ಲಾಳದು. ಒಯ್ದಳು. ಎಜ್ರಾನ ತೊಡೆಯ ಮೇಲೆ ಮಲಗಿಸಿದಳು. ಶಾಸ್ತ್ರ ಮುಗಿಯಿತು, ಮಗು ಚೀರಿತು, ದ್ರಾಕ್ಷಾರಸದಲ್ಲಿ ಅದ್ದಿದ ಬಟ್ಟೆಯ ಚೂರನ್ನು ಅದರ ಬಾಯಿಗಿಟ್ಟರು. ರಬ್ಬಿ ಬಟ್ಟಲು ಎತ್ತಿ ಹಿಡಿದು, ಹೆಸರೇನು ಎಂಬಂತೆ ರುಬೆನ್‌ನ ಮುಖ ನೋಡಿದ. ರುಬೆನ್ ಅಪ್ಪನ ಮುಖ ನೋಡಿದ.

"ನತಾನ್!" ಎಂದ ಎಜ್ರಾ. ಗೋಡೆಯ ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಮ್ಮ ಪದ್ಧತಿ ಪ್ರಕಾರ. ಅಲೆಪ್ಪೊದವರ ಪದ್ಧತಿ ಪ್ರಕಾರ. ಬದುಕಿರೋ ಸೋದರಮಾವ ನತಾನ್‌ನ ಹೆಸರು. ದೇವರು ಅವನ ಆಯಸ್ಸು ಹೆಚ್ಚಿಸಲಿ, ಅವನನ್ನ ಮನೆಗೆ ಕರ್ಕೊಂಡ್ ಬರ್ಲಿ!"

ಆಮೆನ್ ಎಂದರು ಎಲ್ಲರೂ. ಸಾರಿನಾ ಮತ್ತು ಅವಳ ಹೆಣ್ಣುಮಕ್ಕಳು ನಾಲಿಗೆ ಕುಣಿಸಿ ಕೇಕೆ ಹಾಕಿದರು. ಒಳಗಿನಿಂದ ಮಿರ್ತಾ "ನತಾನ್!" ಎಂದು ಕೂಗಿದಳು, ನಕ್ಕಳು, ಮತ್ತೆ ಕೂಗಿದಳು. ಪೆರ್ಲಾಗೆ ಎದೆ ಹಗುರವಾದಂತಾಯಿತು. ಎಷ್ಟೋ ಕಾಲದ ಮೇಲೆ ಮಗನ ಹೆಸರು ಇಷ್ಟು ಜನರ ನಡುವೆ ತಲೆ ಎತ್ತಿ ನಿಂತಿತ್ತು. ಅವಳು ಮುಗುಳ್ನಕ್ಕು ತನ್ನ ಕಡೆಯವರತ್ತ ತಿರುಗಿದಳು.

ಅವರು ಅಳುತ್ತಿದ್ದರು.

ಗಂಡಸರು ನೆಲ ನೋಡುತ್ತಿದ್ದರು, ಹೆಂಗಸರು ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು. ಎಜ್ರಾ ಹೇಳಿದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ಆದರೆ ಮನಸ್ಸಿಗೆ ಹೊಕ್ಕದ್ದು ಒಂದೇ. ತಾಯಿ ಹೆಸರಿಡಲು ಒಪ್ಪಿದಳು. ಅಂದರೆ ಅವಳಿಗೆ ಗೊತ್ತಾಗಿದೆ. ಹುಟ್ಟಿದಾಗಿನಿಂದ ಕಲಿತದ್ದನ್ನು ಒಂದು ಮಾತಿಗೆ ಮರೆಯುವುದು ಅವರ ಕೈಲಿರಲಿಲ್ಲ. ಮೊದಲು ಔಷಧಿ ಅಂಗಡಿಯವನು ಬಂದು ಅವಳ ಕೈ ಹಿಡಿದ. ಅವನ ಮಗಳ ಸುದ್ದಿಯೂ ಬಂದಿರಲಿಲ್ಲ. ಸಾವಿನ ಮನೆಯಲ್ಲಿ ಹೇಳುವ ಮಾತನ್ನೇ ಹೇಳಿದ. "ಸಿಯೋನಿನ, ಯೆರೂಸಲೇಮಿನ ಶೋಕತಪ್ತರ ನಡುವೆ ದೇವರು ನಿಮ್ಮನ್ನೂ ಸಂತೈಸಲಿ." ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಬ್ರೆಡ್ಡಿನಂಗಡಿಯವಳು ಅವಳ ತೋಳಿಗೆ ಹಣೆ ಒತ್ತಿ ನಿಂತಳು.

ಅಲ್ಲ, ಇಲ್ಲ, ಅವನು ಬದುಕಿದ್ದಾನೆ ಎನ್ನಬೇಕಿತ್ತು ಪೆರ್ಲಾ. ಬಾಯಿ ತೆರೆದಳು. ಆದರೆ ಈ ಕೈಗಳು, ಈ ಮಾತು, ಎರಡು ವರ್ಷದಿಂದ ಯಾರೂ ತನಗೆ ಕೊಡದೆ ಇಟ್ಟುಕೊಂಡದ್ದು. ಬೇಡವೆಂದು ಹಿಂದಕ್ಕೆ ತಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಒಬ್ಬೊಬ್ಬರ ಕೈಯನ್ನೂ ಗಟ್ಟಿಯಾಗಿ ಹಿಡಿದುಕೊಂಡಳು, ಬಿಡಲಾರದಷ್ಟು ಗಟ್ಟಿಯಾಗಿ. ಆಮೇಲೆ ಅಡುಗೆಮನೆಗೆ ಹೋಗಿ ಕುರ್ಚಿಯ ಮೇಲೆ ಕೂತಳು.

ಹೆನ್ಯಾ ಹಿಂದೆಯೇ ಬಂದು ಬಾಗಿಲು ಎಳೆದುಕೊಂಡಳು. ಸಾರಿನಾಳ ಪರಾತದಿಂದ ತಂದ ಮೊಟ್ಟೆಯೊಂದನ್ನು ಕಟ್ಟೆಯ ಅಂಚಿಗೆ ಕುಟ್ಟಿ, ಕಂದು ಸಿಪ್ಪೆಯನ್ನು ಚೂರುಚೂರೇ ಬಿಡಿಸಿದಳು. ಮಣ್ಣು ಮಾಡಿ ಬಂದ ಮನೆಯವರು ಮೊದಲ ತುತ್ತನ್ನು ತಾವಾಗಿ ತಿನ್ನಬಾರದು, ಬೇರೆಯವರು ಕೊಡಬೇಕು. ಮೊಟ್ಟೆ ಕೊಡಬೇಕು, ಉಪ್ಪು ಹಾಕಬಾರದು. ಹೆನ್ಯಾ ಮೊಟ್ಟೆಯನ್ನು ಪೆರ್ಲಾಳ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಅದರ ಸುತ್ತ ಮಡಿಚಿದಳು.

"ತಿನ್ನಮ್ಮ," ಎಂದಳು.

ಪೆರ್ಲಾ ಮೊಟ್ಟೆಯನ್ನು ನೋಡಿದಳು. ಅದು ಇನ್ನೂ ಬೆಚ್ಚಗಿತ್ತು. ಕಚ್ಚಿದಳು. ಅಳು ಬಂತು, ಅಳುತ್ತಲೇ ನುಂಗಿದಳು. ಹೆನ್ಯಾ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಬಾಗಿಲು ತೆರೆಯಿತು. ಎಜ್ರಾ, ಮುಖವೆಲ್ಲ ಬೆವರು, ಮುಖವೆಲ್ಲ ನಗು, ತೋಳಿನಲ್ಲಿ ಚೀರುತ್ತಿರುವ ಮಗು. "ಇಲ್ಲೇನ್ಮಾಡ್ತಿದೀರಿ ಬೀಗಿತ್ತಿ? ಹಿಡ್ಕೊಳ್ಳಿ ನಿಮ್ಮ ನತಾನ್‌ನ. ಮಿರ್ತಾಗೆ ಕೊಡಿ, ಹಸಿವಂತೆ ಅವನಿಗೆ. ಹೇಳಿದ್ನಾ ಇಲ್ವಾ? ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ನಾ ಇಲ್ವಾ?"

"ಹೇಳಿದ್ರಿ," ಎಂದಳು ಪೆರ್ಲಾ. ತೋಳಿನಿಂದ ಕಣ್ಣೊರೆಸಿಕೊಂಡು ಎದ್ದಳು. ಬಲಗೈಯಿಂದ ಮಗುವನ್ನು ತೆಗೆದುಕೊಂಡು ಎದೆಗೆ ಆನಿಸಿಕೊಂಡಳು. ಉಳಿದರ್ಧ ಮೊಟ್ಟೆ ಎಡಗೈಯ ಮುಷ್ಟಿಯಲ್ಲಿತ್ತು. ನಡುಮನೆಯಲ್ಲಿ ಸಾರಿನಾ ಕೇಕೆ ಹಾಕಿದಳು, ಜನ ದಾರಿ ಬಿಟ್ಟರು, ಯಾರೋ ಮಗುವಿನ ಕಾಲು ಮುಟ್ಟಿದರು, ಯಾರೋ ಅವಳ ಭುಜ ಮುಟ್ಟಿದರು. ಪೆರ್ಲಾ ಮುಷ್ಟಿ ಬಿಚ್ಚದೆ ಅವರ ನಡುವೆ ನಡೆದು ಮಗಳ ಕೋಣೆಗೆ ಹೋದಳು.